ಚದುರಂಗ: ಯಂತ್ರದ ಬಲ, ಮನುಷ್ಯನ ಬಲ

ಚದುರಂಗ ಆಡುವ ತಂತ್ರಾಂಶಗಳನ್ನು ಆಟಗಾರರು ‘ಎಂಜಿನ್’ ಎಂದು ಕರೆಯುತ್ತಾರೆ. ಅವುಗಳ ಬಲವನ್ನು ಮನುಷ್ಯ ಆಟಗಾರರ ಬಲದ ಜೊತೆ ತೂಗಿನೋಡುವ ಕೆಲಸ ಹೆಚ್ಚುಕಡಿಮೆ ಗಣಕಯಂತ್ರದಷ್ಟೇ ಹಳೆಯದು. 1950ರಿಂದ ಸುಮಾರು ನಾಲ್ಕೂವರೆ ದಶಕ ಇದ್ದ ಪ್ರಶ್ನೆ ಒಂದೇ: ಯಂತ್ರ ಎಂದಾದರೂ ವಿಶ್ವ ಚಾಂಪಿಯನ್‌ನನ್ನು ಸೋಲಿಸೀತೇ? 1997ರಿಂದ 2006ರೊಳಗೆ ಅದು ಇತ್ಯರ್ಥವಾಯಿತು. ಈಗ ಉಳಿದಿರುವುದು ಅಂತರ ಎಷ್ಟು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆ. ಹರಿಹರ ತಾಲ್ಲೂಕಿನ ಭಾನುವಳ್ಳಿಯ ಹೈಸ್ಕೂಲು ಹುಡುಗಿಯೊಬ್ಬಳು ಮನೆಯವರ ಮೊಬೈಲ್‌ಗೆ ಸ್ಟಾಕ್‌ಫಿಶ್ ಎಂಬ ಎಂಜಿನ್ ಇಳಿಸಿಕೊಂಡಳು ಎನ್ನೋಣ. ಅದಕ್ಕೆ ನಯಾಪೈಸೆ ಕೊಡಬೇಕಿಲ್ಲ. ಆಗ ಅವಳ ಎದುರಿಗಿರುವುದು ಭೂಮಿಯ ಮೇಲಿನ ಯಾವ ಗ್ರ್ಯಾಂಡ್‌ಮಾಸ್ಟರ್‌ಗಿಂತಲೂ ಬಲವಾದ ಎದುರಾಳಿ. ಈ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಎಷ್ಟು ಬಲವಾದದ್ದು ಎಂದು ಕೇಳಿದರೆ ಸಿಗುವ ಅಂಕಿಯ ಬಗ್ಗೆ ಮಾತ್ರ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಅಳತೆಗೋಲು

ಚದುರಂಗದಲ್ಲಿ ಬಲವನ್ನು ಹೇಳುವುದು ಈಲೋ ರೇಟಿಂಗ್‌ನಿಂದ. ಅಮೆರಿಕದಲ್ಲಿ ನೆಲೆಸಿದ್ದ ಭೌತಶಾಸ್ತ್ರದ ಅಧ್ಯಾಪಕ ಅರ್ಪಾಡ್ ಈಲೋ ರೂಪಿಸಿದ ಈ ಲೆಕ್ಕವನ್ನು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ (ಫಿಡೆ) 1970ರಲ್ಲಿ ಒಪ್ಪಿಕೊಂಡಿತು. ಇಲ್ಲಿ ರೇಟಿಂಗ್ ಅಂಕಿಗಿಂತ ಇಬ್ಬರ ನಡುವಿನ ವ್ಯತ್ಯಾಸವೇ ಮುಖ್ಯ. ವ್ಯತ್ಯಾಸ 200 ಇದ್ದರೆ ಬಲಶಾಲಿಗೆ ನೂರು ಆಟದಲ್ಲಿ ಸುಮಾರು 76 ಅಂಕ ಸಿಗಬೇಕು. 400 ಇದ್ದರೆ 91. ಜಿಲ್ಲಾ ಮಟ್ಟದಲ್ಲಿ ಗಟ್ಟಿ ಎನಿಸಿಕೊಂಡ 1500ರ ಆಟಗಾರ 2500ರ ಗ್ರ್ಯಾಂಡ್‌ಮಾಸ್ಟರ್ ಎದುರು ನೂರು ಆಟ ಆಡಿದರೆ ಲೆಕ್ಕದ ಪ್ರಕಾರ ಅರ್ಧ ಅಂಕವೂ ದಕ್ಕುವುದಿಲ್ಲ. ಆ ಗ್ರ್ಯಾಂಡ್‌ಮಾಸ್ಟರ್ 2840ರ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಕೂತರೆ ಹನ್ನೆರಡು ಅಂಕದ ಆಸುಪಾಸು ಪಡೆಯಬಹುದು. ಮನುಷ್ಯರು ತಲುಪಿರುವ ಅತಿ ಎತ್ತರದ ರೇಟಿಂಗ್ 2882, ಅದೂ ಕಾರ್ಲ್‌ಸನ್‌ದೇ, 2014ರ ಮೇ ತಿಂಗಳದು.

ಎಂಜಿನ್‌ಗಳ ಪಟ್ಟಿಗಳಲ್ಲಿ ಸ್ಟಾಕ್‌ಫಿಶ್‌ನ ರೇಟಿಂಗ್ 3600ರ ಆಚೆ ಇರುತ್ತದೆ. ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ ಕಾರ್ಲ್‌ಸನ್‌ಗೆ ನೂರು ಆಟದಲ್ಲಿ ಒಂದು ಅಂಕದ ಮೇಲೆ ಚೂರುಪಾರು, ಅಂದರೆ ಎರಡು ಡ್ರಾ. ಆದರೆ ಹಾಗೆ ಪಕ್ಕದಲ್ಲಿಡುವುದೇ ಸರಿಯಲ್ಲ. ಮನುಷ್ಯರ ರೇಟಿಂಗ್ ಮನುಷ್ಯರೊಳಗಿನ ಆಟಗಳಿಂದ ಬಂದದ್ದು, ಎಂಜಿನ್‌ಗಳದ್ದು ಎಂಜಿನ್‌ಗಳೊಳಗಿನ ಆಟಗಳಿಂದ. ಎರಡು ಕೆರೆಗಳ ನೀರಿನ ಮಟ್ಟವನ್ನು ಹೋಲಿಸಬೇಕಾದರೆ ನಡುವೆ ಒಂದು ಕಾಲುವೆಯಾದರೂ ಬೇಕು. ಇಲ್ಲಿದ್ದ ಕಾಲುವೆಯೆಂದರೆ ಮನುಷ್ಯ–ಯಂತ್ರ ಪಂದ್ಯಗಳು. ಅವು 2006ರ ನಂತರ ಬಹುಮಟ್ಟಿಗೆ ನಿಂತೇಹೋದವು. ಫಲಿತಾಂಶ ಮೊದಲೇ ಗೊತ್ತಿರುವ ಪಂದ್ಯಕ್ಕೆ ಹಣ ಹಾಕುವವರು ಯಾರು? ಹೀಗಾಗಿ 3600 ಎಂಬುದು ಮನುಷ್ಯರ ಪಟ್ಟಿಯಲ್ಲಿ 3300 ಆಗಬಹುದು, 3700 ಆಗಬಹುದು. ಅದು ಬಹಳ ಮೇಲಿದೆ ಎಂಬುದು ಖಚಿತ, ಎಷ್ಟು ಮೇಲೆ ಎಂಬುದು ಅಂದಾಜು.

ಮೈಸೂರಿನ ಕುದುರೆ

ಕನ್ನಡ ನಾಡಿಗೆ ಚದುರಂಗ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ವಿನೋದಗಳ ಸಾಲಿನಲ್ಲಿ ಚದುರಂಗದ ವಿವರಣೆ ಇದೆ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿಯವರಿಗೆ ಸಾಹಿತ್ಯ, ಸಂಗೀತ, ಆಟಗಳಿಗೆ ಬೇಕಾದಷ್ಟು ಬಿಡುವು ಸಿಕ್ಕಿತು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಪಾಟಗಳಿಗೇ ಮೀಸಲು.

ಅವರಿಗೆ ಹುಚ್ಚು ಹಿಡಿಸಿದ್ದು ಕುದುರೆಯ ನಡೆ. ಖಾಲಿ ಮಣೆಯ ಮೇಲೆ ಒಂದೇ ಒಂದು ಕುದುರೆ ಇಟ್ಟು, 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಮ್ಮೆ ಮಾತ್ರ ಮೆಟ್ಟುವಂತೆ ನಡೆಸಬೇಕು. ಕಾಶ್ಮೀರದ ರುದ್ರಟ 9ನೇ ಶತಮಾನದಲ್ಲೇ ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಮಣೆಯ ಇಂಥ ನಡಿಗೆಯನ್ನು ಪದ್ಯದಲ್ಲಿ ಹೆಣೆದಿದ್ದ. ಮುಮ್ಮಡಿಯವರು ಅಲ್ಲಿಗೆ ನಿಲ್ಲಲಿಲ್ಲ. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಬರೆದರೆ, ಯಾವ ಅಡ್ಡಸಾಲು ಕೂಡಿದರೂ 260, ಯಾವ ಕಂಬಸಾಲು ಕೂಡಿದರೂ 260 ಬರುವಂತೆ ಕುದುರೆಯನ್ನು ನಡೆಸಿದರು. (1ರಿಂದ 64ರವರೆಗಿನ ಮೊತ್ತ 2080, ಅದನ್ನು ಎಂಟು ಸಾಲಿಗೆ ಸಮನಾಗಿ ಹಂಚಿದರೆ 260.) ಯುರೋಪಿನಲ್ಲಿ ಇಂಥ ಮೊದಲ ನಡಿಗೆಯನ್ನು ವಿಲಿಯಂ ಬೆವರ್ಲಿ ಪ್ರಕಟಿಸಿದ್ದು 1848ರಲ್ಲಿ. ಮೈಸೂರಿನ ಅರಮನೆಯಲ್ಲಿ ಅದೇ ಕಾಲದಲ್ಲಿ, ಬೇರೆಯದೇ ಸಂಪ್ರದಾಯದಿಂದ, ಅದೇ ಸಮಸ್ಯೆಗೆ ಉತ್ತರ ಹುಡುಕಲಾಗುತ್ತಿತ್ತು.

ಒಂದು ತೊಡಕು ಉಳಿದುಹೋಯಿತು. ಎರಡು ಕರ್ಣಗಳನ್ನು ಕೂಡಿದರೂ 260 ಬರುವ ನಡಿಗೆ ಉಂಟೇ? ನೂರೈವತ್ತು ವರ್ಷ ಯಾರಿಗೂ ಅದು ಸಿಗಲಿಲ್ಲ, ಇಲ್ಲವೆಂದು ಸಾಧಿಸಲೂ ಆಗಲಿಲ್ಲ. ಕುದುರೆ ಹೊರಟ ಮನೆಗೇ ಮರಳಬಹುದಾದ ನಡಿಗೆಗಳೇ 8×8 ಮಣೆಯ ಮೇಲೆ ಸುಮಾರು 13 ಲಕ್ಷ ಕೋಟಿ ಇವೆ. ಕೈಯಲ್ಲಿ ಸೋಸುವ ಮಾತಂತೂ ಅಲ್ಲ. 2003ರಲ್ಲಿ ಗುಂಟರ್ ಸ್ಟರ್ಟನ್‌ಬ್ರಿಂಕ್, ಜಾನ್ ಶಾರ್ಲ್ ಮೇರಿನ್ಯಾಕ್ ಮೊದಲಾದವರು ಹಲವು ಗಣಕಗಳಿಗೆ ಕೆಲಸ ಹಂಚಿ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿದರು. ಸಾಲುಗಳು ಸರಿಹೊಂದುವ ನಡಿಗೆಗಳು, ತಿರುಗಿಸಿ ಮಗುಚಿ ನೋಡಿದಾಗ ಒಂದೇ ಆಗುವವನ್ನು ಬಿಟ್ಟು, 140 ಮಾತ್ರ. ಕರ್ಣಗಳೂ ಸರಿಹೊಂದುವುದು ಒಂದೂ ಇಲ್ಲ. ಮನುಷ್ಯ ಮತ್ತು ಯಂತ್ರದ ಸಾಮರ್ಥ್ಯದ ಸ್ವರೂಪ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಲು 1997ರಲ್ಲಿ ವಿಶ್ವ ಚಾಂಪಿಯನ್‌ನನ್ನು ಸೋಲಿಸಿದ ಡೀಪ್ ಬ್ಲೂ ಯಂತ್ರಕ್ಕಿಂತ ಇದು ಒಳ್ಳೆಯ ಉದಾಹರಣೆ ಎಂದು ಈ ಲೇಖಕನ ಅಭಿಪ್ರಾಯ. 13 ಲಕ್ಷ ಕೋಟಿ ದಾರಿಗಳ ನಡುವೆ ಸೊಗಸಾದ ಒಂದನ್ನು ಮುಮ್ಮಡಿಯವರು ಕೈಯಿಂದ ಹೆಕ್ಕಿ ತೆಗೆದರು. ಇನ್ನೊಂದು ಬಗೆಯದು ಇಲ್ಲವೇ ಇಲ್ಲ ಎಂದು ಹೇಳುವ ಅಧಿಕಾರ ಬಂದದ್ದು ಎಲ್ಲವನ್ನೂ ನೋಡಿ ಮುಗಿಸಿದ ಯಂತ್ರಕ್ಕೆ.

ಯಂತ್ರ ಆಡುವ ಬಗೆ

ಎದುರಾಳಿ ಇರುವ ಆಟದಲ್ಲಿ ಎಲ್ಲವನ್ನೂ ನೋಡಿ ಮುಗಿಸಲಾಗದು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1950ರ ಲೇಖನದಲ್ಲಿ ಸಾಧ್ಯ ಆಟಗಳ ಸಂಖ್ಯೆಯನ್ನು ಒಂದರ ಮುಂದೆ 120 ಸೊನ್ನೆ ಎಂದು ಅಂದಾಜು ಮಾಡಿದ್ದರು. ಆದ್ದರಿಂದ ಯಂತ್ರ ಕೆಲವು ನಡೆಗಳಷ್ಟು ಮುಂದಕ್ಕೆ ಹೋಗಿ, ಅಲ್ಲಿನ ಸ್ಥಿತಿ ಯಾರಿಗೆ ಅನುಕೂಲ ಎಂದು ಅಂಕ ಹಾಕಿ, ಹಿಂದಕ್ಕೆ ಬಂದು ನಡೆ ಆರಿಸಬೇಕು. ನಡು ಆಟದಲ್ಲಿ ಒಂದು ಸರದಿಗೆ ಸರಾಸರಿ 35 ನಡೆ ಎಂದಿಟ್ಟುಕೊಂಡರೆ, ಇಬ್ಬರೂ ತಲಾ ಮೂರು ನಡೆ ಆಡುವಷ್ಟರಲ್ಲಿ ಸಾಧ್ಯತೆಗಳು 183 ಕೋಟಿ ದಾಟುತ್ತವೆ. ಇಲ್ಲಿ ನೆರವಿಗೆ ಬರುವುದು ಆಲ್ಫಾ–ಬೀಟಾ ಎಂಬ ಕತ್ತರಿಕೆ. ಒಂದು ನಡೆಗೆ ಎದುರಾಳಿಯ ಬಳಿ ನಮಗೆ ಕೆಟ್ಟದಾಗುವ ಉತ್ತರವೊಂದು ಇದೆ ಎಂದು ಗೊತ್ತಾದೊಡನೆ ಆ ಕೊಂಬೆಯನ್ನು ಅಲ್ಲಿಗೇ ಬಿಡಬಹುದು. ಇನ್ನೂ ಎಷ್ಟು ಕೆಟ್ಟ ಉತ್ತರಗಳಿವೆ ಎಂದು ಎಣಿಸುತ್ತ ಕೂರಬೇಕಿಲ್ಲ. ಒಳ್ಳೆಯ ನಡೆಗಳನ್ನೇ ಮೊದಲು ಪರೀಕ್ಷಿಸುವ ಅದೃಷ್ಟ ಇದ್ದರೆ ಆ 183 ಕೋಟಿ 85 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಉತ್ತರ ಮಾತ್ರ ಬದಲಾಗುವುದಿಲ್ಲ.

ಕೊನೆಯ ಸ್ಥಿತಿಗೆ ಅಂಕ ಹಾಕುವುದು ಎರಡನೆಯ ಭಾಗ. ಮೊದಮೊದಲು ಇದನ್ನು ಮನುಷ್ಯರೇ ಬರೆದುಕೊಡುತ್ತಿದ್ದರು: ಕಾಲಾಳಿಗೆ ಒಂದು, ಕುದುರೆ ಮತ್ತು ಒಂಟೆಗೆ ಮೂರರ ಸುತ್ತಮುತ್ತ, ಆನೆಗೆ ಐದು, ಮಂತ್ರಿಗೆ ಒಂಬತ್ತು, ರಾಜನ ಮುಂದಿನ ಕಾಲಾಳು ಕದಲಿದ್ದರೆ ಇಷ್ಟು ಕಡಿತ, ಆನೆಗೆ ತೆರೆದ ಸಾಲು ಸಿಕ್ಕಿದರೆ ಇಷ್ಟು ಸೇರಿಕೆ. ಮಾಸ್ಟರ್ ಆಟಗಾರರ ತಲೆಯಲ್ಲಿದ್ದ ತಿಳಿವಳಿಕೆಯ ಬಡಕಲು ನಕಲು ಇದು. ಆದರೂ ಅದಕ್ಕೆ ವೇಗ ಸೇರಿದಾಗ ಆಟ ನಡೆಯಿತು. ತಾನೇ ಆಡಿ ಕಲಿಯುವ ನರಜಾಲಗಳು ಬಂದ ಮೇಲೆ ಈ ಬರೆದುಕೊಡುವ ಕೆಲಸವೂ ತಪ್ಪಿತು.

ಸೋಲು ಗೆಲುವಿನ ದಾಖಲೆ

ಮೊದಲ ಮೂರು ದಶಕಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಅಲನ್ ಟ್ಯೂರಿಂಗ್ 1952ರಲ್ಲಿ ಯಂತ್ರವೇ ಇಲ್ಲದೆ, ಕಾಗದದ ಮೇಲೆ ತಾನೇ ಲೆಕ್ಕ ಮಾಡುತ್ತ ತನ್ನ ವಿಧಾನವನ್ನು ಗೆಳೆಯನೊಬ್ಬನ ಎದುರು ಆಡಿಸಿ ಸೋತರು. ಸ್ಕಾಟ್ಲೆಂಡಿನ ಮಾಸ್ಟರ್ ಡೇವಿಡ್ ಲೆವಿ, ಹತ್ತು ವರ್ಷದೊಳಗೆ ಯಾವ ಯಂತ್ರವೂ ತನ್ನನ್ನು ಪಂದ್ಯದಲ್ಲಿ ಸೋಲಿಸದು ಎಂದು 1968ರಲ್ಲಿ ಕಟ್ಟಿದ ಬಾಜಿಯನ್ನು 1978ರಲ್ಲಿ ಗೆದ್ದರು. 1988ರಲ್ಲಿ ಡೀಪ್ ಥಾಟ್ ಎಂಬ ಯಂತ್ರ ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್ ಅವರನ್ನು ಪಂದ್ಯಾವಳಿಯೊಂದರಲ್ಲಿ ಸೋಲಿಸಿದಾಗ ಗಾಳಿಯ ದಿಕ್ಕು ಬದಲಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆ ಯಂತ್ರವನ್ನು ಕಟ್ಟಿದ ತಂಡದಲ್ಲಿ ಫೆಂಗ್ ಶ್ಯೂಂಗ್ ಶೂ, ಮರ್ರೇ ಕ್ಯಾಂಪ್‌ಬೆಲ್ ಜೊತೆಗೆ ಥಾಮಸ್ ಅನಂತರಾಮನ್ ಎಂಬ ಭಾರತೀಯರೂ ಇದ್ದರು. ಆದರೆ 1989ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅದನ್ನು ಎರಡಕ್ಕೆರಡು ಆಟ ಗೆದ್ದು ಕೈ ಕೊಡವಿಕೊಂಡರು.

1994ರಿಂದ 1998ರವರೆಗಿನ ಕಾಲ ಮಾತ್ರ ನಿಧಾನವಾಗಿ ನೋಡುವಂಥದ್ದು. ಆಗ ಯಂತ್ರ ಮತ್ತು ಮಾಸ್ಟರ್ ನಿಜಕ್ಕೂ ಸರಿಸಮರು. ಯಾರು ಗೆಲ್ಲುತ್ತಾರೆ ಎಂಬುದು ಗಡಿಯಾರದ ಮೇಲೆ ನಿಂತಿತ್ತು. 1994ರ ಆಗಸ್ಟ್‌ನಲ್ಲಿ ಲಂಡನ್ನಿನ ರ್‍ಯಾಪಿಡ್ ಪಂದ್ಯಾವಳಿಯಲ್ಲಿ, ಆಟಗಾರನಿಗೆ 25 ನಿಮಿಷದ ಗಡಿಯಾರದಲ್ಲಿ, ಚೆಸ್ ಜೀನಿಯಸ್ ಎಂಬ ತಂತ್ರಾಂಶ ಕಾಸ್ಪರೋವ್‌ರನ್ನು ಹೊರದೂಡಿತು. ಅದು ಓಡುತ್ತಿದ್ದುದು ಸಾಧಾರಣ ಪೆಂಟಿಯಂ ಗಣಕದಲ್ಲಿ. ಮುಂದಿನ ಸುತ್ತು ದಾಟಿ ಸೆಮಿಫೈನಲ್‌ಗೆ ಬಂದಾಗ ಎದುರಿಗೆ ಕೂತವರು ವಿಶ್ವನಾಥನ್ ಆನಂದ್. ಎರಡು ಆಟ, ಎರಡೂ ಆನಂದ್ ಗೆದ್ದರು. ಕಾಸ್ಪರೋವ್ ಸೋತಲ್ಲಿ ಆನಂದ್ ಗೆದ್ದದ್ದಕ್ಕೆ ಅವರು ಕಾಸ್ಪರೋವ್‌ಗಿಂತ ಬಲಶಾಲಿ ಎಂದರ್ಥವಲ್ಲ. ಬೇಗ ಆಡುತ್ತ ಲೆಕ್ಕ ತಪ್ಪದ ಅವರ ಕೈ ಆ ಗಡಿಯಾರಕ್ಕೆ ಹೊಂದುತ್ತಿತ್ತು, ಅಷ್ಟೇ.

ನಾಲ್ಕು ವರ್ಷ ಕಳೆದು, 1998ರ ಜುಲೈನಲ್ಲಿ ಇಟಲಿಯ ಇಸ್ಕಿಯಾ ದ್ವೀಪದಲ್ಲಿ ಆನಂದ್ ರೆಬೆಲ್ ಎಂಬ ತಂತ್ರಾಂಶದ ಎದುರು ಎಂಟು ಆಟ ಆಡಿದರು. ಒಟ್ಟು ಫಲಿತಾಂಶ ರೆಬೆಲ್‌ಗೆ 5–3. ಒಳಹೊಕ್ಕು ನೋಡಿದರೆ ಚಿತ್ರ ಬೇರೆ: ತಲಾ ಐದು ನಿಮಿಷದಿಂದ ಶುರುವಾಗುವ ನಾಲ್ಕು ಬ್ಲಿಟ್ಜ್ ಆಟಗಳಲ್ಲಿ ರೆಬೆಲ್ 3–1, ಅದಕ್ಕಿಂತ ತುಸು ನಿಧಾನದ ಎರಡರಲ್ಲಿ 1.5–0.5, ಆದರೆ 40 ನಡೆಗೆ ಎರಡು ಗಂಟೆಯ ಪೂರ್ಣಾವಧಿಯ ಎರಡು ಆಟಗಳಲ್ಲಿ ಆನಂದ್ 1.5–0.5. ಯಂತ್ರದ ಬಲವನ್ನು ಒಂದೇ ಅಂಕಿಯಲ್ಲಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಸಿಗುವುದು ಕಷ್ಟ. ಮನುಷ್ಯನಿಗೆ ಸಮಯ ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆ, ಅಂದಿನ ಯಂತ್ರಕ್ಕೆ ಅಷ್ಟೇ ಹೆಚ್ಚುವರಿ ಸಮಯದಿಂದ ಅಷ್ಟು ಲಾಭವಾಗುತ್ತಿರಲಿಲ್ಲ.

ಇವೆರಡರ ನಡುವೆ ಬಂದದ್ದು ಐಬಿಎಂ ಕಂಪನಿಯ ಡೀಪ್ ಬ್ಲೂ. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಅದು ಮೊದಲ ಆಟವನ್ನು ಗೆದ್ದರೂ ಪಂದ್ಯ ಕಾಸ್ಪರೋವ್‌ಗೆ 4–2. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ 3.5–2.5ರಿಂದ ಡೀಪ್ ಬ್ಲೂ ಗೆದ್ದಿತು. 480 ವಿಶೇಷ ಚಿಪ್‌ಗಳಿದ್ದ ಆ ಯಂತ್ರ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡಬಲ್ಲದಾಗಿತ್ತು. ಪತ್ರಿಕೆಗಳು ಇದನ್ನು ಮನುಕುಲದ ಸೋಲು ಎಂದು ಬರೆದವು. ಆಟಗಳನ್ನು ತೆಗೆದು ನೋಡಿದವರಿಗೆ ಹಾಗೆನ್ನಿಸದು. ಎರಡನೆಯ ಆಟದಲ್ಲಿ ಕಾಸ್ಪರೋವ್ ಸೋಲೊಪ್ಪಿಕೊಂಡ ಸ್ಥಿತಿಯಲ್ಲಿ, ಒಂದರ ಮೇಲೊಂದು ಚೆಕ್ ಕೊಡುತ್ತ ಡ್ರಾ ಮಾಡಿಕೊಳ್ಳುವ ದಾರಿ ಇತ್ತೆಂದು ಬಲುಬೇಗ ಬೆಳಕಿಗೆ ಬಂತು. ಕೊನೆಯ ಆಟ 19 ನಡೆಗಳಲ್ಲೇ ಮುಗಿಯಿತು. ಆರಂಭದಲ್ಲೇ ಪ್ರಸಿದ್ಧ ಬಲೆಯೊಂದಕ್ಕೆ ಅವರು ಕಾಲಿಟ್ಟಿದ್ದರು. ಅಲ್ಲಿ ಸೋತದ್ದು ಅವರ ಆಟಕ್ಕಿಂತ ಹೆಚ್ಚಾಗಿ ಅವರ ಧೃತಿ. ಐಬಿಎಂ ಮರುಪಂದ್ಯಕ್ಕೆ ಒಪ್ಪದೆ ಯಂತ್ರವನ್ನು ನಿವೃತ್ತಿಗೊಳಿಸಿತು. ಆರು ಆಟಗಳಿಂದ ಯಾರು ಬಲಶಾಲಿ ಎಂದು ತೀರ್ಮಾನಿಸಲು ಈಲೋ ಲೆಕ್ಕವೂ ಒಪ್ಪುವುದಿಲ್ಲ.

ನಿಜವಾದ ತೀರ್ಮಾನ ಬಂದದ್ದು ಸದ್ದುಗದ್ದಲ ಕಡಿಮೆಯಾದ ಮೇಲೆ. 2002ರಲ್ಲಿ ಬಹ್ರೇನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಮತ್ತು ಡೀಪ್ ಫ್ರಿಟ್ಜ್ 4–4. 2003ರಲ್ಲಿ ಕಾಸ್ಪರೋವ್ ಮತ್ತು ಡೀಪ್ ಜೂನಿಯರ್ 3–3. ಈ ಸಮಬಲ 2005ರಲ್ಲಿ ಒಡೆಯಿತು. ಅಬುಧಾಬಿಯವರು ಪ್ರಾಯೋಜಿಸಿದ್ದ ಹೈಡ್ರಾ ಯಂತ್ರ ಜೂನ್‌ನಲ್ಲಿ ಇಂಗ್ಲೆಂಡಿನ ಮೈಕೆಲ್ ಆಡಮ್ಸ್ ಅವರನ್ನು 5.5–0.5ರಿಂದ ಹೊಡೆಯಿತು. ಆಡಮ್ಸ್ ಆಗ ವಿಶ್ವದ ಮೊದಲ ಹತ್ತರೊಳಗಿನ ಆಟಗಾರ. ಅದೇ ನವೆಂಬರಿನಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಉಕ್ರೇನಿನ ರುಸ್ಲಾನ್ ಪೊನೊಮಾರಿಯೋವ್ ಫ್ರಿಟ್ಜ್ ಎದುರು ಒಂದು ಆಟ ಗೆದ್ದರು. ಪೂರ್ಣಾವಧಿಯ ಆಟದಲ್ಲಿ, ಯಾವ ರಿಯಾಯಿತಿಯೂ ಇಲ್ಲದೆ, ಮುಂಚೂಣಿಯ ಯಂತ್ರವೊಂದನ್ನು ಮನುಷ್ಯ ಸೋಲಿಸಿದ ಕೊನೆಯ ಆಟ ಎಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. 2006ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಡೀಪ್ ಫ್ರಿಟ್ಜ್‌ಗೆ 2–4ರಿಂದ ಸೋತರು. ಅದರ ಎರಡನೆಯ ಆಟ ಚದುರಂಗದ ಚರಿತ್ರೆಯಲ್ಲಿ ಉಳಿದುಹೋಗಿದೆ: ಸಮಸಮವಾಗಿದ್ದ ಸ್ಥಿತಿಯಲ್ಲಿ ಕ್ರಾಮ್ನಿಕ್ ಶಾಂತವಾಗಿ ಮಂತ್ರಿಯನ್ನು ಇ3ಕ್ಕೆ ಇಟ್ಟು ಎದ್ದರು, ಮುಂದಿನ ನಡೆಯಲ್ಲೇ ಯಂತ್ರದ ಮಂತ್ರಿ ಎಚ್7ಕ್ಕೆ ಬಂದು ಚೆಕ್‌ಮೇಟ್. ಒಂದೇ ನಡೆಯ ಮೇಟು. ಹರಿಹರದ ಶಾಲಾ ಪಂದ್ಯಾವಳಿಯಲ್ಲೂ ಮಕ್ಕಳು ಕಾಣುವಂಥದ್ದು ವಿಶ್ವ ಚಾಂಪಿಯನ್‌ಗೆ ಕಾಣಲಿಲ್ಲ. ಯಂತ್ರದ ಬಲ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇದೇ. ಅದು ಹೀಗೆಂದೂ ಮೈಮರೆಯುವುದಿಲ್ಲ.

ಇದಾದ ಮೂರು ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಜೇಬಿಗೆ ಇಳಿಯಿತು. 2009ರಲ್ಲಿ ಬ್ಯೂನಸ್ ಐರಿಸ್‌ನ ಪಂದ್ಯಾವಳಿಯೊಂದರಲ್ಲಿ ಎಚ್‌ಟಿಸಿ ಮೊಬೈಲ್ ಮೇಲೆ ಓಡುತ್ತಿದ್ದ ಪಾಕೆಟ್ ಫ್ರಿಟ್ಜ್ 4 ಹತ್ತರಲ್ಲಿ 9.5 ಅಂಕ ಪಡೆಯಿತು. ಸಾಧನೆಯ ಮಟ್ಟ 2898. ಅದು ನೋಡುತ್ತಿದ್ದುದು ಸೆಕೆಂಡಿಗೆ 20 ಸಾವಿರ ಸ್ಥಿತಿ. ಡೀಪ್ ಬ್ಲೂನ ಹತ್ತು ಸಾವಿರದಲ್ಲಿ ಒಂದು ಪಾಲು. ಬಲ ಬರೀ ವೇಗದಿಂದ ಬಂದದ್ದಲ್ಲ, ಯಾವ ಕೊಂಬೆಯನ್ನು ಬಿಡಬೇಕು ಎಂಬ ಜಾಣ್ಮೆಯಿಂದ ಬಂದದ್ದು ಎಂದು ಈ ಎರಡು ಅಂಕಿಗಳೇ ಹೇಳುತ್ತವೆ.

2017ರ ಕೊನೆಯಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಜೀರೊ ಇನ್ನೊಂದು ಬಗೆಯ ಜಾಣ್ಮೆ ತೋರಿಸಿತು. ಆಟದ ನಿಯಮಗಳನ್ನಷ್ಟೇ ತಿಳಿದು, ತನ್ನೊಡನೆ ತಾನೇ ಆಡುತ್ತ ಕಲಿತ ಅದು ನೂರು ಆಟಗಳಲ್ಲಿ ಸ್ಟಾಕ್‌ಫಿಶ್ 8 ಅನ್ನು 28 ಸಲ ಸೋಲಿಸಿ, 72 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲ. ಆ ಪಂದ್ಯದಲ್ಲಿ ಸ್ಟಾಕ್‌ಫಿಶ್‌ಗೆ ಕೊಟ್ಟ ಸೌಕರ್ಯ ಸಾಲದು ಎಂಬ ತಕರಾರು ಬಂತು. 2018ರ ಡಿಸೆಂಬರಿನಲ್ಲಿ ಪ್ರಕಟವಾದ ಸಾವಿರ ಆಟಗಳ ಫಲಿತಾಂಶದಲ್ಲಿ ಆಲ್ಫಾಜೀರೊ 155 ಗೆದ್ದು 6 ಸೋತಿತ್ತು. ಸೆಕೆಂಡಿಗೆ ಅದು ನೋಡಿದ್ದು 60 ಸಾವಿರ ಸ್ಥಿತಿ, ಸ್ಟಾಕ್‌ಫಿಶ್ 6 ಕೋಟಿ. ಇದೇ ಹಾದಿಯಲ್ಲಿ ಸ್ವಯಂಸೇವಕರು ಲೀಲಾ ಚೆಸ್ ಜೀರೊ ಕಟ್ಟಿದರು. ಸ್ಟಾಕ್‌ಫಿಶ್ ಕೂಡ 2020ರ ಸೆಪ್ಟೆಂಬರಿನ 12ನೇ ಆವೃತ್ತಿಯಲ್ಲಿ, ಜಪಾನಿನ ಶೋಗಿ ಆಟಕ್ಕೆಂದು ಯೂ ನಾಸು ರೂಪಿಸಿದ್ದ ಪುಟ್ಟ ನರಜಾಲವನ್ನು ಅಳವಡಿಸಿಕೊಂಡಿತು. 2024ರ ಹೊತ್ತಿಗೆ ಮನುಷ್ಯರು ಬರೆದುಕೊಟ್ಟಿದ್ದ ಹಳೆಯ ಅಂಕಪಟ್ಟಿಯನ್ನು ಪೂರ್ತಿ ಕೈಬಿಟ್ಟಿತು.

ಸಮಬಲದ ಪಂದ್ಯಗಳು ನಿಂತ ಮೇಲೆ ಅಂತರವನ್ನು ಅಳೆಯಲು ಉಳಿದದ್ದು ರಿಯಾಯಿತಿ ಆಟ: ಯಂತ್ರ ಮೊದಲೇ ಒಂದು ಕಾಯಿ ಬಿಟ್ಟುಕೊಟ್ಟು ಆಡುವುದು. 2007ರಲ್ಲಿ ರಿಬ್ಕಾ ಪ್ರತಿ ಆಟದಲ್ಲೂ ಒಂದು ಕಾಲಾಳು ಬಿಟ್ಟು ಗ್ರ್ಯಾಂಡ್‌ಮಾಸ್ಟರ್ ಯಾನ್ ಎಲ್ವೆಸ್ಟ್ ಅವರನ್ನು 5.5–2.5ರಿಂದ ಸೋಲಿಸಿತು. 2016ರಲ್ಲಿ ಕೊಮೊಡೊ ಬಗೆಬಗೆಯ ರಿಯಾಯಿತಿ ಕೊಟ್ಟೂ ಹಿಕಾರು ನಾಕಾಮುರಾ ಎದುರು 2.5–1.5ರಿಂದ ಗೆದ್ದಿತು, ಮೂರು ಡ್ರಾ, ಒಂದು ಗೆಲುವು. ಈಚೆಗೆ, ಕಾಯಿ ಕೊಟ್ಟು ಆಡುವುದಕ್ಕೆಂದೇ ತರಬೇತಿಗೊಂಡ ಲೀಲಾ, ಬ್ಲಿಟ್ಜ್‌ನಲ್ಲಿ ಒಂದು ಕುದುರೆಯನ್ನೇ ಬಿಟ್ಟು ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಸೋಲಿಸುತ್ತಿದೆ. ರೇಟಿಂಗ್ ಪಟ್ಟಿಯ 3600ಕ್ಕಿಂತ ಈ ಕುದುರೆಯೇ ಹೆಚ್ಚು ನಂಬಲರ್ಹ ಅಳತೆ. ಇಲ್ಲಿ ಇಬ್ಬರೂ ಒಂದೇ ಮಣೆಯ ಎರಡು ಬದಿಗೆ ಕೂತಿದ್ದಾರೆ.

ಕರ್ನಾಟಕದ ಆಟಗಾರರು ಮತ್ತು ಎಂಜಿನ್

ಪಕ್ಕದ ತಮಿಳುನಾಡಿಗೆ 1988ರಲ್ಲಿ ಆನಂದ್ ಮೂಲಕ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂತು. ಕರ್ನಾಟಕ 2017ರವರೆಗೆ ಕಾಯಬೇಕಾಯಿತು. ಆ ವರ್ಷ ಮೈಸೂರಿನ ರೈಲ್ವೆ ನೌಕರ ಎಂ.ಎಸ್. ತೇಜ್‌ಕುಮಾರ್ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಶಿವಮೊಗ್ಗದ ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ (2019) ಬಳಿಕ, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಆ ಪದವಿಗೇರಿದರು. ಪ್ರಣವ್ ಅದೇ ಸೆಪ್ಟೆಂಬರಿನಲ್ಲಿ ರುಮೇನಿಯಾದ ಮಾಮಾಯದಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ದಕ್ಷಿಣ ಕನ್ನಡದ ಇಶಾ ಶರ್ಮಾ ರಾಜ್ಯದ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್.

ಎಂಜಿನ್ ಬಿಟ್ಟಿಯಾಗಿ ಸಿಗತೊಡಗಿದ್ದರಿಂದಲೇ ಈ ಪದವಿಗಳು ಬಂದವು ಎಂಬ ಮಾತು ಕೇಳಿಬರುತ್ತದೆ. ಅರ್ಧ ನಿಜ. ಮೊದಲು ಒಂದು ಆರಂಭದ ಆಟವನ್ನು ಆಳವಾಗಿ ತಿಳಿಯಲು ವಿದೇಶಿ ಪುಸ್ತಕವೋ ದುಬಾರಿ ತರಬೇತುದಾರನೋ ಬೇಕಿತ್ತು. ಇವತ್ತು ದಾವಣಗೆರೆಯ ಹುಡುಗನಿಗೂ ಚೆನ್ನೈನ ಹುಡುಗನಿಗೂ ಸಿಗುವ ಸ್ಟಾಕ್‌ಫಿಶ್ ಒಂದೇ. ಆದರೆ ಗ್ರ್ಯಾಂಡ್‌ಮಾಸ್ಟರ್ ಪದವಿಗೆ 2500 ರೇಟಿಂಗ್ ಮುಟ್ಟುವುದರ ಜೊತೆಗೆ ಮೂರು ‘ನಾರ್ಮ್’ ಬೇಕು. ನಾರ್ಮ್‌ಗೆ ಬೇರೆ ಬೇರೆ ದೇಶಗಳ ಪದವೀಧರ ಆಟಗಾರರ ಎದುರು ಆಡಿರಬೇಕು. ಅಂಥ ಪಂದ್ಯಾವಳಿ ಮನೆ ಬಾಗಿಲಿಗೆ ಬರದಿದ್ದರೆ ಯುರೋಪಿಗೆ ಹೋಗಬೇಕು, ಮಗುವಾದರೆ ಜೊತೆಗೆ ಅಪ್ಪನೋ ಅಮ್ಮನೋ ಹೊರಡಬೇಕು. ಆ ಖರ್ಚನ್ನು ಯಾವ ತಂತ್ರಾಂಶವೂ ಇಳಿಸಿಲ್ಲ. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಗೆದ್ದ ಮಗು ಅಲ್ಲಿಂದ ಮುಂದಕ್ಕೆ ಹೋಗುವುದೋ ನಿಲ್ಲುವುದೋ ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಈ ಲೆಕ್ಕವೇ.

ಎಂಜಿನ್ ಕಲಿಸುವುದರಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ಅದು ಸರಿಯಾದ ನಡೆ ಹೇಳುತ್ತದೆ, ಯಾಕೆ ಸರಿ ಎಂದು ಹೇಳುವುದಿಲ್ಲ. ‘+0.8’ ಎಂಬ ಅಂಕಿ ನೋಡಿ ಬಿಳಿಯವನಿಗೆ ಒಂದು ಕಾಲಾಳಿಗಿಂತ ತುಸು ಕಡಿಮೆ ಅನುಕೂಲ ಇದೆ ಎಂದು ಮಗು ತಿಳಿಯುತ್ತದೆ, ಪರದೆ ಮುಚ್ಚಿದರೆ ಅದೇ ಸ್ಥಿತಿಯಲ್ಲಿ ತಡವರಿಸುತ್ತದೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್ ಅವರಿಗೆ ಅವರ ತರಬೇತುದಾರ ವಿಷ್ಣು ಪ್ರಸನ್ನ, ರೇಟಿಂಗ್ 2500ರ ಆಸುಪಾಸಿಗೆ ಬರುವವರೆಗೂ ಎಂಜಿನ್ ಮುಟ್ಟಗೊಡಲಿಲ್ಲ. ಎಂಜಿನ್ ಯುಗದಲ್ಲೇ ಹುಟ್ಟಿದ ಹುಡುಗನ ವಿಷಯದಲ್ಲಿ ಇದು ಧೈರ್ಯದ ನಿರ್ಧಾರವೇ ಸರಿ. ಆ ಪಂದ್ಯದ ಹದಿನಾಲ್ಕನೆಯ, ಕೊನೆಯ ಆಟ ಡ್ರಾದತ್ತ ಸಾಗಿದ್ದಾಗ ಎದುರಾಳಿ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು. ಜಗತ್ತಿನಾದ್ಯಂತ ಮೊಬೈಲ್ ಹಿಡಿದು ನೋಡುತ್ತಿದ್ದವರಿಗೆ ಅದು ಸೋಲಿನ ನಡೆ ಎಂದು ಎಂಜಿನ್ ಆ ಕ್ಷಣವೇ ತೋರಿಸಿತು. ಮಣೆಯ ಮುಂದಿದ್ದ ಗುಕೇಶ್ ಅದನ್ನು ತಾನೇ ಕಾಣಬೇಕಿತ್ತು. ಕಂಡರು.

ನೋಡುವವರಿಗೆ ಹೀಗೆ ಸಿಕ್ಕಿರುವ ಸರ್ವಜ್ಞತೆ ಮಾಸ್ಟರ್‌ಗಳ ಬಗ್ಗೆ ಒಂದು ಅಸಡ್ಡೆಯನ್ನೂ ಹುಟ್ಟಿಸಿದೆ. 2006ರಲ್ಲಿ ಸ್ಲೊವೇನಿಯಾದ ಮಾತೇ ಗಿಡ್ ಮತ್ತು ಇವಾನ್ ಬ್ರಾಟ್ಕೊ ಹಿಂದಿನ ವಿಶ್ವ ಚಾಂಪಿಯನ್‌ಗಳ ಆಟಗಳನ್ನು ಕ್ರಾಫ್ಟಿ ಎಂಬ ಎಂಜಿನ್‌ಗೆ ಒಡ್ಡಿ, ಅತಿ ಕಡಿಮೆ ತಪ್ಪು ಮಾಡಿದವರು ಕ್ಯೂಬಾದ ಕಾಪಾಬ್ಲಾಂಕಾ ಎಂದು ಕಂಡುಕೊಂಡರು. ಆ ಕ್ರಾಫ್ಟಿಯೇ ಕೆಲವು ಚಾಂಪಿಯನ್‌ಗಳಿಗಿಂತ ದುರ್ಬಲ ಎಂಬ ಆಕ್ಷೇಪ ಬಂತು, ಸರಿಯಾದ ಆಕ್ಷೇಪವೇ. ಮುಂದೆ ಬಲವಾದ ಎಂಜಿನ್‌ಗಳಿಂದ ಇದೇ ಬಗೆಯ ಲೆಕ್ಕ ವಾಡಿಕೆಯಾಯಿತು. ಇಂದು ಯಾವ ಜಾಲತಾಣದಲ್ಲಿ ಆಡಿದರೂ ಆಟ ಮುಗಿದೊಡನೆ ನಿಖರತೆಯ ಶೇಕಡಾವಾರು ಅಂಕಿ ಬರುತ್ತದೆ.

ಎಂಜಿನ್ ಹಿಡಿದ ಕೈ

ಯಂತ್ರ ಮತ್ತು ಮಾಸ್ಟರ್ ನಡುವಿನ ಅಂತರ ಸಾಮಾನ್ಯರ ಕಣ್ಣಿಗೆ ಬಿದ್ದ ಘಟನೆ ಬೆಂಗಳೂರಿಗೆ ಸಂಬಂಧಿಸಿದ್ದು. 2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆಂದು, ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ ನಿಧಿ ಕೂಡಿಸಲು, ಆನಂದ್ ಆನ್‌ಲೈನ್‌ನಲ್ಲಿ ಹಲವು ಗಣ್ಯರೊಡನೆ ಆಡಿದರು. ನಟರಾದ ಆಮಿರ್ ಖಾನ್, ನಮ್ಮ ಸುದೀಪ್, ಹಿಂದೆ ಕಿರಿಯರ ಮಟ್ಟದಲ್ಲಿ ಚದುರಂಗ ಆಡಿದ್ದ ಕ್ರಿಕೆಟಿಗ ಯಜುವೇಂದ್ರ ಚಾಹಲ್ ಅವರಲ್ಲಿ ಕೆಲವರು. ಅಂದು ಆನಂದ್ ಸೋತದ್ದು ಬೆಂಗಳೂರಿನ ಜೆರೋಧಾ ಕಂಪನಿಯ ನಿಖಿಲ್ ಕಾಮತ್ ಅವರಿಗೆ. ಐದು ಬಾರಿಯ ವಿಶ್ವ ಚಾಂಪಿಯನ್ ಹವ್ಯಾಸಿಯೊಬ್ಬರಿಗೆ ಸೋಲುವುದೆಂದರೇನು? ಆಟ ನಡೆದ ಜಾಲತಾಣ ಕಾಮತ್ ಅವರ ಖಾತೆಯನ್ನು ಮುಚ್ಚಿತು. ಆಟವನ್ನು ವಿಶ್ಲೇಷಿಸುವವರ, ಗಣಕದ ನೆರವು ಪಡೆದದ್ದಾಗಿ ಕಾಮತ್ ಅವರೇ ಮರುದಿನ ಹೇಳಿ ಕ್ಷಮೆ ಕೇಳಿದರು. ರೇಟಿಂಗ್ ಇಲ್ಲದ ಆಟವಾದ್ದರಿಂದ ಖಾತೆ ಮತ್ತೆ ತೆರೆಯಿತು. ಪ್ರಕರಣದ ನೈತಿಕತೆಯನ್ನು ಅಲ್ಲಿಗೇ ಬಿಡೋಣ. ಆಟ ಬಲ್ಲವರು ಕೆಲವೇ ನಡೆಗಳಲ್ಲಿ ಅನುಮಾನಪಟ್ಟರು ಎಂಬುದು ಗಮನಿಸಬೇಕಾದ್ದು. ನಡೆಗಳು ಕೆಟ್ಟದಾಗಿದ್ದುದಕ್ಕಲ್ಲ, ಹವ್ಯಾಸಿಗೆ ಸಲ್ಲದಷ್ಟು ಚೆನ್ನಾಗಿದ್ದುದಕ್ಕೆ.

ಇದಕ್ಕೂ ಹಿಂದೆ, 2006ರಲ್ಲಿ, ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬನ ಟೋಪಿಯಲ್ಲಿ ಬ್ಲೂಟೂತ್ ಸಾಧನ ಸಿಕ್ಕಿ, ಆತನಿಗೆ ಹತ್ತು ವರ್ಷದ ನಿಷೇಧ ಬಿತ್ತು. ಈಗ ದೊಡ್ಡ ಪಂದ್ಯಾವಳಿಗಳಲ್ಲಿ ಮೊಬೈಲ್ ಹೊರಗಿಡುವುದು, ಲೋಹಶೋಧಕದಿಂದ ತಪಾಸಣೆ ಮಾಡುವುದು ರೂಢಿಯಾಗಿದೆ. ಹತ್ತಾರು ನಡೆಗಳಲ್ಲಿ ಒಂದೆರಡು ಕಡೆ ಮಾತ್ರ ಸುಳಿವು ಸಿಕ್ಕರೂ ಗ್ರ್ಯಾಂಡ್‌ಮಾಸ್ಟರ್‌ಗೆ ಸಾಕು. ಎಲ್ಲಿ ಯೋಚಿಸಬೇಕು ಎಂದು ತಿಳಿದರೆ ಉಳಿದದ್ದನ್ನು ಆತ ತಾನೇ ಕಂಡುಕೊಳ್ಳುತ್ತಾನೆ. ಇಂಥ ಮೋಸವನ್ನು ಹಿಡಿಯುವುದು ಇವತ್ತಿಗೂ ಕಷ್ಟ.

ಯಂತ್ರದ ಮಿತಿ

ಎಂಜಿನ್ ಎಡವುವ ಸ್ಥಿತಿಗಳೂ ಇವೆ. ಕಾಲಾಳುಗಳು ಒಂದಕ್ಕೊಂದು ಬೀಗ ಹಾಕಿ ನಿಂತು, ಎದುರಾಳಿಗೆ ಎಷ್ಟೇ ಕಾಯಿ ಹೆಚ್ಚಿದ್ದರೂ ಒಳನುಗ್ಗಲು ದಾರಿ ಇಲ್ಲದ ‘ಕೋಟೆ’ ಸ್ಥಿತಿಯಲ್ಲಿ ಯಂತ್ರ ಗೆಲುವು ತನ್ನದೆಂದು ಅಂಕ ತೋರಿಸುತ್ತಲೇ ಇರುತ್ತದೆ. ಅನುಭವಿ ಆಟಗಾರ ಒಂದು ನೋಟದಲ್ಲಿ ಡ್ರಾ ಎನ್ನುತ್ತಾನೆ. ಕೃತಕವಾಗಿ ಕಟ್ಟಿದ ಸಮಸ್ಯೆಗಳಲ್ಲೇ ಇಂಥವು ಹೆಚ್ಚು. ನಿಜವಾದ ಪಂದ್ಯದಲ್ಲಿ ಯಂತ್ರವನ್ನು ಅಲ್ಲಿಗೆ ಎಳೆದೊಯ್ಯುವಷ್ಟರಲ್ಲಿ ಮನುಷ್ಯ ಬೇರೆಲ್ಲೋ ಸೋತಿರುತ್ತಾನೆ. ನಮ್ಮ ಹಳ್ಳಿಕಟ್ಟೆಗಳ ಹಳೆಯ ದೇಶೀ ನಿಯಮಗಳಲ್ಲಿ, ಅಂದರೆ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುವ, ರಾಜ ಒಮ್ಮೆ ಕುದುರೆಯಂತೆ ಜಿಗಿಯಬಹುದಾದ ಆಟದಲ್ಲಿ, ಮಾಮೂಲು ಸ್ಟಾಕ್‌ಫಿಶ್ ಆಡಲಾರದು. ನಿಯಮ ತಿದ್ದಿಕೊಟ್ಟರೆ ಅಲ್ಲೂ ಮನುಷ್ಯ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದು ಆಲ್ಫಾಜೀರೊ ಕಲಿತ ಬಗೆಯಿಂದ ಊಹಿಸಬಹುದು.

ಎಂಜಿನ್‌ಗಳು ತಮ್ಮತಮ್ಮೊಳಗೆ ಆಡಿದರೆ ಆರಂಭ ಸ್ಥಿತಿಯಿಂದ ಬಹುತೇಕ ಎಲ್ಲವೂ ಡ್ರಾ. ಅದಕ್ಕೇ ಅವುಗಳ ಪಂದ್ಯಾವಳಿಗಳಲ್ಲಿ ಒಂದು ಕಡೆಗೆ ವಾಲಿದ ಆರಂಭಗಳನ್ನು ಬಲವಂತವಾಗಿ ಕೊಡಲಾಗುತ್ತದೆ. ಎಂಜಿನ್ ಬಳಸಲು ಅನುಮತಿ ಇರುವ ಅಂಚೆ ಚದುರಂಗದಲ್ಲೂ ಇದೇ ಸ್ಥಿತಿ. ಇಷ್ಟಾದರೂ ಚದುರಂಗ ಬಿಡಿಸಿ ಮುಗಿದ ಒಗಟಾಗಿಲ್ಲ. ಪೂರ್ತಿಯಾಗಿ, ತಪ್ಪಿಲ್ಲದೆ ತಿಳಿದಿರುವುದು ಮಣೆಯ ಮೇಲೆ ಒಟ್ಟು ಏಳು ಕಾಯಿ ಉಳಿದಿರುವ ಸ್ಥಿತಿಗಳವರೆಗೆ ಮಾತ್ರ. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೋವ್ ಸೂಪರ್ ಕಂಪ್ಯೂಟರ್ ಇವುಗಳ ಪಟ್ಟಿ ತಯಾರಿಸಿತು. ಅದರಲ್ಲಿ ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ 549ನೇ ನಡೆಗೆ ಚೆಕ್‌ಮೇಟ್ ಆಗುವ ಸ್ಥಿತಿಯೊಂದಿದೆ. ಅದರ ನಡುವಿನ ನಡೆಗಳಲ್ಲಿ ಹೆಚ್ಚಿನವು ಯಾವ ಉದ್ದೇಶಕ್ಕೆ ಎಂದು ಗ್ರ್ಯಾಂಡ್‌ಮಾಸ್ಟರ್‌ಗಳಿಗೂ ಬಿಡಿಸಿ ಹೇಳಲಾಗದು. ಮನುಷ್ಯರ ಪಂದ್ಯದಲ್ಲಂತೂ ಅದು ಗೆಲುವಾಗುವುದೇ ಇಲ್ಲ: ಕಾಯಿ ಹೊಡೆಯದೆ, ಕಾಲಾಳು ಕದಲಿಸದೆ 50 ನಡೆ ಕಳೆದರೆ ಎದುರಾಳಿ ಡ್ರಾ ಕೇಳಬಹುದು ಎಂದು ಫಿಡೆ ನಿಯಮವಿದೆ.